ಕಿತ್ತ ಸನಿಕೆಯ ಕುರಿತು ನಾಯಕ ಪೊಪ್ಪೋ ಅವರಿಗೆ

ಓಸ್ಟರ್‌ವಾರ್ಡ್ ಊರಿನ ಮಹಾನಾಯಕರೂ, ಇಗರ್ಜಿಯ ಗೋಪುರದ ರಕ್ಷಕರೂ, ಕಡಲು ದಡಕ್ಕೆ ತಂದು ಹಾಕಿದ್ದೆಲ್ಲದರ ಹಕ್ಕುದಾರರೂ, ಕಳೆದ ಮಂಗಳವಾರದಿಂದ ಕಡಲ ಏರಿಯ ಹದಿನಾಲ್ಕು ಮಾರು ಉದ್ದಕ್ಕೆ ಒಡೆಯರೂ ಆದ ಶ್ರೀಮಾನ್ ಪೊಪ್ಪೋ ಹಿದ್ದಿಂಗ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಫೊಲ್ಕರ್ಟನ ವಿಧವೆ ಗೆಸ್ಕೆ ಮಾಡುವ ಅನಂತ ವಂದನೆಗಳು. ತಾವೂ, ತಮ್ಮ ಕುದುರೆಯೂ, ಕುದುರೆಯ ಹಿಂದೆ ಓಡುವ ಹನ್ನೊಂದು ಮಂದಿ ಭಟರೂ ಕ್ಷೇಮವೆಂದು ನಂಬಿದ್ದೇನೆ. ನನಗೆ ಅಕ್ಷರ ಬಾರದು. ಹೇಳುತ್ತಿರುವುದು ನಾನು, ಬರೆಯುತ್ತಿರುವುದು ನಮ್ಮ ವಿಯಾರ್ಡ್ ಪಾದ್ರಿಗಳು. "ಇನ್ನೊಂದು 'ಮಾನ್ಯರೇ' ಸೇರಿಸ್ತೀನಮ್ಮಾ ಗೆಸ್ಕೆ, ನಾನೂ ಈ ಊರಲ್ಲೇ ಬಾಳ್ಬೇಕಲ್ಲ" ಎಂದು ಅವರು ಗಳಿಗೆಗೊಮ್ಮೆ ಅಂಗಲಾಚುವುದರಿಂದ, ಪತ್ರದಲ್ಲಿ ಎಲ್ಲಾದರೂ ಗೌರವ ಅಳತೆ ಮೀರಿದಂತೆ ಕಂಡರೆ ಅದು ಅವರ ಪಾಲಿನದೆಂದು ತಿಳಿಯಬೇಕು. ಪತ್ರವನ್ನು ಇಗರ್ಜಿಯ ಬಾಗಿಲಿಗೆ ಮೊಳೆ ಹೊಡೆದು ತೂಗಿಸಿ, ಭಾನುವಾರದ ಪೂಜೆಯ ನಂತರ ಊರಿಗೆಲ್ಲ ಓದಿ ಹೇಳಲಾಗುವುದು.

ಮೊದಲಿಗೆ ತಮ್ಮ ಉಪಕಾರಗಳನ್ನು ನೆನೆಯಬೇಕು. ನಾವು ಫ್ರೀಸರು, ಅರಸನಿಲ್ಲದ ಜನ, ಯಾರಿಗೂ ತಲೆ ಬಾಗದ ಸ್ವತಂತ್ರರು ಎಂದು ತಾವು ಹಬ್ಬಹಬ್ಬಕ್ಕೂ ಸಾರುತ್ತೀರಿ. ನಾವು ತಲೆ ಬಾಗಿಸಿ ನಿಂತು ಕೇಳುತ್ತೇವೆ. ಏಳು ವರ್ಷದ ಹಿಂದೆ ಊರವರು ಸೇರಿ, ಒಂದು ವರ್ಷದ ಮಟ್ಟಿಗೆ ನ್ಯಾಯ ಹೇಳಲಿ ಎಂದು ತಮ್ಮನ್ನು ಆರಿಸಿದ್ದರು. ಆ ವರ್ಷ ಇನ್ನೂ ಮುಗಿದಿಲ್ಲ. ಇಷ್ಟು ಉದ್ದದ ವರ್ಷವನ್ನು ನಮ್ಮ ಹಿರಿಯರು ಯಾರೂ ಕಂಡವರಲ್ಲ. ಇಗರ್ಜಿಯ ಗೋಪುರದಲ್ಲಿ, ಕಡಲು ಉಕ್ಕಿದಾಗ ಬಾರಿಸುತ್ತಿದ್ದ ಗಂಟೆಯನ್ನು ಇಳಿಸಿ ಅಲ್ಲಿ ಬಿಲ್ಲುಗಾರರನ್ನು ಕೂರಿಸಿದ್ದೀರಿ. ಇನ್ನು ಮುಂದೆ ಕಡಲು ಬಂದರೆ ಅದಕ್ಕೆ ಬಾಣ ಬಿಡುತ್ತಾರೆಂದು ನಮಗೆ ಧೈರ್ಯವಿದೆ. ಏರಿಗೆಂದು ಊರು ಕೂಡಿಟ್ಟಿದ್ದ ಜೇಡಿಮಣ್ಣು ತಮ್ಮ ಕಲ್ಲುಮನೆಯ ದಿಬ್ಬಕ್ಕೆ ಹೋಯಿತು. ಅದರ ಹಿಂದೆಯೇ ನನ್ನ ಕುದುರೆಯೂ ಗಾಡಿಯೂ ಹೋದವು.

ತಮ್ಮ ಶೌರ್ಯವನ್ನೂ ಹೇಳದಿರಲಾರೆ. ಹಳ್ಳದ ಆಚೆ ದಡದ ನಾಯಕರಾದ ಎಗ್ಗೆಯವರು ತಮಗೆ ಸ್ವಂತ ಭಾವಮೈದುನರು. ಹೋದ ಚಳಿಗಾಲದಲ್ಲಿ ಒಂದು ತಿಮಿಂಗಿಲ ತಲೆಯನ್ನು ನಮ್ಮ ಕಡೆಗೂ ಬಾಲವನ್ನು ಅವರ ಕಡೆಗೂ ಇಟ್ಟು ಗಡಿಯ ಮೇಲೆ ಸತ್ತುಬಿತ್ತು. ತಲೆ ಯಾರ ಕಡೆಗಿದೆಯೋ ಮೀನು ಅವರದು ಎಂದು ತಾವು, ಅದು ಬಾಲ ಬಡಿದೇ ಬಂದದ್ದು, ಆದ್ದರಿಂದ ಬಾಲ ಇದ್ದ ಕಡೆಯವರದು ಎಂದು ಅವರು. ಒಂಬತ್ತು ದಿನ ಕಾದಾಟ ನಡೆಯಿತು. ಹತ್ತನೆಯ ದಿನ ಉಬ್ಬರ ಬಂದು, ಕೊಳೆತು ನಾರುತ್ತಿದ್ದ ತಿಮಿಂಗಿಲವನ್ನು ತೆಗೆದುಕೊಂಡು ಹೋಯಿತು. ನಮ್ಮ ಕಡೆ ಮೂವರು ಸತ್ತರು, ಅವರ ಕಡೆ ನಾಲ್ವರು. ಹೀಗಾಗಿ ಗೆಲುವು ನಮ್ಮದೇ ಎಂದು ತಾವು ಘೋಷಿಸಿದಿರಿ. ನಮ್ಮ ಮೂವರಲ್ಲಿ ಒಬ್ಬ ನನ್ನ ಫೊಲ್ಕರ್ಟ್. ಮನೆಗೆ ತಂದಾಗ ಅವನ ಮೈಯೆಲ್ಲ ಮೀನೆಣ್ಣೆಯ ನಾತ. ತೊಳೆದೆ, ಮತ್ತೆ ತೊಳೆದೆ, ಹೋಗಲಿಲ್ಲ, ಹಾಗೆಯೇ ಹೂಳಿದೆವು. ಇದನ್ನು ಗೌರವಪೂರ್ವಕವಾಗಿ ಹೇಳುವುದು ಹೇಗೆಂದು ನನಗೂ ತಿಳಿಯಲಿಲ್ಲ, ಪಾದ್ರಿಗಳಿಗೂ ತಿಳಿಯಲಿಲ್ಲ.

ಫೊಲ್ಕರ್ಟ್ ಹೋದ ಮೇಲೆ, ಮನೆಮನೆಗೂ ಹಂಚಿದ ಕಡಲ ಏರಿಯಲ್ಲಿ ನಮ್ಮ ಪಾಲಿನ ಹದಿನಾಲ್ಕು ಮಾರನ್ನು ಕಟ್ಟಿ ಕಾಯುವುದು ನನ್ನ ಹೆಗಲಿಗೆ ಬಿತ್ತು. ಅದರ ನಡುವೆ ಒಂದು ಹಸು ಮಲಗುವಷ್ಟು ಅಗಲದ ಕೊರೆತವಿದೆ. ಗಾಡಿಯಿಲ್ಲದೆ, ಕುದುರೆಯಿಲ್ಲದೆ, ನಾನೂ ನೆರೆಮನೆಯ ಟಾಲ್ಕೆಯೂ ಬೇಸಿಗೆಯುದ್ದಕ್ಕೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಸುರಿದೆವು. ಪ್ರತಿ ಉಬ್ಬರವೂ ಅದನ್ನು ನೆಕ್ಕಿಕೊಂಡು ಹೋಯಿತು. ಏರಿ ಒಡೆದರೆ ಮುಳುಗುವುದು ನನ್ನೊಬ್ಬಳ ಹೊಲವಲ್ಲ, ನಲವತ್ತು ಒಲೆಗಳ ಇಡೀ ಊರು. ಕೈಲಾಗದವರು ಏನು ಮಾಡಬೇಕೆಂದು ನಮ್ಮ ಏರಿಯ ಕಟ್ಟಳೆಯಲ್ಲಿದೆ: ತಮ್ಮ ಪಾಲಿನ ಏರಿಯಲ್ಲಿ ಮಣ್ಣು ಅಗೆಯುವ ಸನಿಕೆ ನೆಟ್ಟು, ಹೊಲ ಮನೆ ಬಿಟ್ಟು ಇಳಿದು ಹೋಗಬೇಕು. ಆ ಸನಿಕೆಯನ್ನು ಯಾರು ಕೀಳುತ್ತಾರೋ ಹೊಲ, ಮನೆ, ಏರಿ ಮೂರೂ ಅವರವು, ಕೊರೆತವೂ ಅವರದೇ.

ಹೋದ ಸೋಮವಾರ ನಾನು ಸನಿಕೆ ನೆಟ್ಟೆ. ಫೊಲ್ಕರ್ಟನ ಮುತ್ತಜ್ಜ ಕಟ್ಟಿದ ಏರಿ ಅದು. ಇಬ್ಬರು ಹೆಣ್ಣುಮಕ್ಕಳನ್ನು ಕೈಹಿಡಿದುಕೊಂಡು ಟಾಲ್ಕೆಯ ಮನೆಗೆ ಇಳಿದುಬಂದಾಗ ಗೊಳೋ ಎಂದು ಅತ್ತೆ. ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ.

ಮರುದಿನ ಬೆಳಗ್ಗೆ ಆದದ್ದು ಊರಿನ ಭಾಗ್ಯ. ಎಗ್ಗೆಯವರನ್ನು ಬೈದುಬರಲೆಂದು ತಾವು ಏರಿಯ ಮೇಲೆಯೇ, ಕುದುರೆಯ ಗೊರಸು ಬೀಳಬಾರದ ಹುಲ್ಲಿನ ಮೇಲೆಯೇ, ಸವಾರಿ ಹೊರಟಿರಿ. ನಟ್ಟ ನಡುವೆ ನಿಂತಿದ್ದ ಸನಿಕೆಗೆ ಕುದುರೆ ಬೆದರಿತು. "ಯಾವನಲೇ ದಾರೀಲಿ ಇದನ್ನ ನೆಟ್ಟೋನು?" ಎನ್ನುತ್ತ ತಾವು ಇಳಿದು, ಎರಡೂ ಕೈಯಲ್ಲಿ ಅದನ್ನು ಕಿತ್ತು, ಆಚೆ ದಡದ ಗೋಪುರದತ್ತ ಝಳಪಿಸಿ, "ಎಗ್ಗೇ! ನಿನ್ನ ಗುಂಡಿ ಇದ್ರಲ್ಲೇ ತೋಡ್ತೀನಿ ಕಣೋ!" ಎಂದು ಗರ್ಜಿಸಿದಿರಿ. ಆ ಗರ್ಜನೆಗೆ ಊರ ಜನ ಹೊರಗೆ ಬಂದರು. ಏರಿಯ ಪಂಚಾಯಿತಿಯ ಹಿರಿಯರಾದ ಮೆನ್ನೆ ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಕಿತ್ರಲ್ಲಾ ಒಡೆಯಾ! ಕೈಯಾರೆ ಕಿತ್ರಲ್ಲಾ!"

"ಕಿತ್ತೆ. ಏನೀಗ?" ಎಂದಿರಿ ತಾವು.

"ಏನಿಲ್ಲ. ಇನ್ನೊಂದ್ಸಲ ಹೇಳ್ಬಿಡಿ, ನನಗೆ ಕಿವಿ ಸ್ವಲ್ಪ ಮಂದ."

"ಕಿತ್ತೆ ಅಂದ್ನಲ್ಲ ಮುದುಕಾ!"

ಎರಡು ಸಲ, ಅರವತ್ತು ಜನರ ಸಮಕ್ಷಮ. ಏಳು ವರ್ಷದಿಂದ ಸನಿಕೆ ಮುಟ್ಟದ ತಮಗೆ, ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಕಟ್ಟಳೆ ಮರೆತುಹೋದದ್ದು ಸಹಜ. ದೊಡ್ಡ ತಲೆಯಲ್ಲಿ ದೊಡ್ಡ ವಿಷಯಗಳಿರುತ್ತವೆ.

ಬುಧವಾರ ತಮ್ಮ ಕಾರಭಾರಿ ಸನಿಕೆಯನ್ನು ಹೊತ್ತುಕೊಂಡು ಟಾಲ್ಕೆಯ ಮನೆಗೆ ಬಂದ. "ಒಡೇರು ಸಿಟ್ಟಲ್ಲಿ ಕಿತ್ತಿದ್ದು ಕಣವ್ವಾ, ಅದೆಲ್ಲ ಲೆಕ್ಕಕ್ಕಿಲ್ಲ. ತಗೋ, ನಿಂದು ನೀನೇ ಇಟ್ಕೋ" ಎಂದ. ನಾನು ಬಾಯಿ ತೆರೆಯುವ ಮೊದಲೇ ಟಾಲ್ಕೆ, "ಸಿಟ್ಟಲ್ಲಿ ಮದ್ವೆ ಆದ್ರೂ ಹೆಂಡ್ತಿ ಹೆಂಡ್ತೀನೇ ಅಲ್ವೇನಪ್ಪಾ?" ಎಂದು ಬಾಗಿಲು ಹಾಕಿದಳು. ಅವಳ ಒರಟುತನವನ್ನು ಮನ್ನಿಸಬೇಕು. ಅವನು ಸನಿಕೆಯನ್ನು ಹೊಸ್ತಿಲಲ್ಲೇ ಬಿಟ್ಟು ಹೋಗಿದ್ದಾನೆ.

ಆದಕಾರಣ, ಮಾನ್ಯರೇ, ಏರಿಯ ಹಳೆಯ ಒಡತಿಯಾಗಿ ಹೊಸ ಒಡೆಯರಲ್ಲಿ ನನ್ನ ಕೆಲವು ಬಿನ್ನಹಗಳಿವೆ. ಹುಣ್ಣಿಮೆಗೆ ಇನ್ನು ಎಂಟೇ ದಿನ. ಅಂದಿನ ಉಬ್ಬರ ದೊಡ್ಡದು. ಅಷ್ಟರೊಳಗೆ ಕೊರೆತ ಮುಚ್ಚಬೇಕು. ಮಣ್ಣು ಸಾಲದಿದ್ದರೆ ತಮ್ಮ ಕಲ್ಲುಮನೆಯ ಗೋಡೆಯೇ ಇದೆ, ಮೂರು ಅಡಿ ದಪ್ಪದ್ದು, ಕೊರೆತಕ್ಕೆ ಹೇಳಿಮಾಡಿಸಿದಂತಿದೆ. ಅದು ಕಷ್ಟವೆನಿಸಿದರೆ, ದಡಕ್ಕೆ ಬಂದದ್ದೆಲ್ಲ ತಮ್ಮದು ಎಂಬ ತಮ್ಮದೇ ಶಾಸನವನ್ನು ಕಡಲಿಗೆ ಓದಿ ಹೇಳಿ, ನೀರೂ ದಡಕ್ಕೆ ಬಂದ ವಸ್ತುವೇ ಆದ್ದರಿಂದ ಅಷ್ಟನ್ನೂ ತಮ್ಮ ಅಂಗಳಕ್ಕೇ ತರಿಸಿಕೊಳ್ಳಬೇಕು. ಇನ್ನೊಂದು ಗುಟ್ಟು: ಈ ಕಡಲು ದಿನಕ್ಕೆ ಎರಡು ಬಾರಿ ಎಗ್ಗೆಯವರ ದಡಕ್ಕೆ ಹೋಗಿ ಬರುತ್ತದೆ. ಅವರಿಬ್ಬರ ನಡುವೆ ಏನೋ ಒಳಸಂಚಿದೆ ಎಂದು ನನ್ನ ಅನುಮಾನ. ಕಡಲು ಶತ್ರುವಿನ ಮಿತ್ರನೆಂದು ತಿಳಿದ ಕೂಡಲೇ ತಾವು ಹನ್ನೊಂದು ಮಂದಿ ಭಟರೊಡನೆ ಕೊರೆತದಲ್ಲಿ ಗುರಾಣಿ ಹಿಡಿದು ನಿಲ್ಲದೆ ಇರುವವರಲ್ಲ.

ಹಿಂದಿನ ಕಾಲದಲ್ಲಿ, ಸನಿಕೆ ಕಿತ್ತೂ ಏರಿ ಕಟ್ಟದವರನ್ನು ಆ ಕೊರೆತದಲ್ಲೇ ಹೂತು ಮೇಲೆ ಹುಲ್ಲು ಹಾಸುತ್ತಿದ್ದರಂತೆ. ನಾವು ಈಗ ಅಂಥ ಕಟುಕರಲ್ಲ. ಆದರೂ ಮೆನ್ನೆ ಅಜ್ಜ ಮೊನ್ನೆ, ಸುಮ್ಮನೆ, ಮಾನ್ಯರಾದ ತಾವು ಎಷ್ಟು ಎತ್ತರವೆಂದು ದರ್ಜಿಯನ್ನು ವಿಚಾರಿಸಿದರು.

ತಿಮಿಂಗಿಲಕ್ಕಾಗಿ ನನ್ನ ಗಂಡನನ್ನು ಕೊಟ್ಟೆ. ಏರಿಗಾಗಿ ಹೊಲ ಮನೆ ಕೊಟ್ಟೆ. ಮಕ್ಕಳನ್ನು ಕೊಡಲಾರೆ, ಮಾನ್ಯರೇ. ಇಷ್ಟೇ ನನ್ನ ದೂರು. ಈ ಮಾತಿಗೆ ಗೌರವ ಸೇರಿಸಲೇ ಎಂದು ಪಾದ್ರಿಗಳು ಕೇಳಿದರು, ಬೇಡವೆಂದೆ.

ತಮ್ಮ ದೀರ್ಘಾಯುಷ್ಯವನ್ನು, ಕನಿಷ್ಠ ಹುಣ್ಣಿಮೆಯವರೆಗಾದರೂ, ಕೋರುತ್ತ,

ತಮ್ಮ ವಿಶ್ವಾಸಿ,
ಗೆಸ್ಕೆ
(ಸಹಿಯ ಬದಲು ಏರಿಯ ಮಣ್ಣಿನಲ್ಲಿ ಹೆಬ್ಬೆಟ್ಟು ಒತ್ತಿದೆ)

ಮರೆತ ಮಾತು: ಹೊಸ್ತಿಲಲ್ಲಿ ಬಿಟ್ಟುಹೋದ ತಮ್ಮ ಸನಿಕೆಯನ್ನು, ಮಣ್ಣು ಒರೆಸಿ, ಪಾದ್ರಿಗಳ ಕೈಯಲ್ಲಿ ಕಳಿಸಿದ್ದೇನೆ. ಮಣ್ಣು ಹೊರಲು ಮನಸ್ಸಿಲ್ಲದಿದ್ದರೆ ತಾವೂ ಅದನ್ನು ಏರಿಯಲ್ಲಿ ನೆಟ್ಟು ಇಳಿದುಹೋಗಬಹುದು. ಕಟ್ಟಳೆ ಎಲ್ಲರಿಗೂ ಒಂದೇ. ಆದರೆ ನೆಟ್ಟವರು ಏರಿಯ ಹಿಂದಿರುವ ತಮ್ಮದೆಲ್ಲವನ್ನೂ ಬಿಡಬೇಕು: ಕಲ್ಲುಮನೆ, ಕಂದಕ, ಹೊಲಗಳು, ನನ್ನ ಕುದುರೆ ಗಾಡಿ ಸಹಿತ. ಯಾವ ದಿನ ನೆಡುತ್ತೀರೆಂದು ಎಗ್ಗೆಯವರು ಮೀನು ಮಾರುವವಳ ಬಾಯಲ್ಲಿ ಬಹಳ ನಯವಾಗಿ ಕೇಳಿ ಕಳಿಸಿದ್ದಾರೆ. ಪಾಪ, ಅದನ್ನು ಕೀಳಲು ಅವರು ಹಳ್ಳ ಸುತ್ತಿ ಬರಬೇಕು. ಟಾಲ್ಕೆಯ ಮನೆ ಏರಿಯ ಬುಡದಲ್ಲೇ ಇದೆ, ನನ್ನ ಕೈಗಳೂ ಈಗ ಖಾಲಿ ಇವೆ.