ಮಂದಿ ಹಿಡಿಯುವ ಮೌಶಿ

ನಮ್ಮ ಮೌಶಿಯ ಕಸುಬು ಮಂದಿ ಹಿಡಿಯುವುದು! ಗಾಬರಿಯಾಗಬೇಡಿ, ಪೊಲೀಸ್ ಖಾತೆಯವಳಲ್ಲ. ಮೌಶಿ ಎಂದರೆ ನನ್ನ ಅವ್ವನ ತಂಗಿ, ಬೀದರಿನಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಈಚೆಗೆ ದೂರದೂರಿನ ಕಂಪನಿಗಳಿಗೆ ನಮ್ಮ ಕಡೆಯವರು ತಲೆಗೆ ಏನು ಹಚ್ಚುತ್ತಾರೆ, ಬಿಸ್ಕೀಟನ್ನು ಅದ್ದಿ ತಿನ್ನುತ್ತಾರೋ ಕಡಿದು ತಿನ್ನುತ್ತಾರೋ ಎಂಬ ಚಿಂತೆ ಹತ್ತಿಕೊಂಡಿದೆ. ಅದನ್ನೆಲ್ಲ ಹೇಳುವ ಜನರನ್ನು ಹುಡುಕಿ ತಂದು ಒಂದು ಕೋಣೆಯಲ್ಲಿ ಕೂಡಿಸುವುದು ಮೌಶಿಯ ಕೆಲಸ; ಜೊತೆಗೆ ಹೋಗಿ ಅವರ ಹೆಸರು ಬರೆದುಕೊಳ್ಳುವುದು ನನ್ನದು.

ಬೇರೆಯವರಾದರೆ ನಮಸ್ಕಾರ ಹೇಳಿ ಮಾತು ಶುರು ಮಾಡುತ್ತಾರೆ. ಮೌಶಿ ಮೊದಲು ಮುಂಗೈ ಹಿಡಿದು ನಾಡಿ ನೋಡುತ್ತಾಳೆ! ಹಳೆಯ ಚಟ. ಜನ ತಾವಾಗಿಯೇ ನಾಲಿಗೆ ಹೊರಚಾಚುತ್ತಾರೆ. ಒಮ್ಮೆ ಶಾಂಪೂ ಕಂಪನಿಗೆ ಒಣಕೂದಲಿನ ಹೆಂಗಸರು ಬೇಕಾಗಿದ್ದರು. ಬೀದರ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಮನ್ನಳ್ಳಿಯ ಹೆಂಗಸೊಬ್ಬಳ ತಲೆಯಲ್ಲಿ ಮೌಶಿ ಸೀದಾ ಬೆರಳಾಡಿಸಿದಳು.

"ಯಾಕ್ರಿ ಬಾಯಿ, ಹೇನು ಅದಾವೇನ್ರಿ?" ಎಂದಳು ಆಕೆ, ಬೆಚ್ಚಿಬಿದ್ದು.

"ಇದ್ರ ಇರಲಿ ಬಿಡು. ಕಂಪನಿಯವರು ಹೇನಿನ ಬಗ್ಗೆ ಕೇಳಿಲ್ಲ!"

ಭಾಲ್ಕಿಯಲ್ಲಿ ನಿಜವಾದ ಪೇಚು ಬಂತು. ಬಿಸ್ಕೀಟು ತಿಂದು ಅಭಿಪ್ರಾಯ ಹೇಳುವವರಿಗೆ ಒಬ್ಬರಿಗೊಬ್ಬರ ಗುರುತಿರಬಾರದೆಂದು ಕಂಪನಿಯ ಹುಕುಂ. ಭಾಲ್ಕಿಯಲ್ಲಿ ಗುರುತಿಲ್ಲದವರು! ಎಲ್ಲಿಂದ ತರುವುದು ಹೇಳಿ? ಅಲ್ಲಿ ಯಾರನ್ನು ಹಿಡಿದರೂ ಇನ್ನೊಬ್ಬರ ಬೀಗರು. ಮೌಶಿ ಸಿಕ್ಕವರನ್ನೆಲ್ಲ ಕೂಡಿಸಿ, "ಒಳಗ ಹೋದಮ್ಯಾಲ ಯಾರಿಗೂ ಯಾರೂ ಗುರ್ತಿಲ್ಲ, ಸಮಜ್ಯಾ?" ಎಂದು ತಾಲೀಮು ಕೊಟ್ಟಳು. ಸಾಯಗಾಂವದ ಗಂಡ ಹೆಂಡತಿಯಂತೂ ಅದನ್ನು ಮನಸ್ಸಿಟ್ಟು ಕಲಿತರು.

"ಬಾಯಿಯವರದು ಯಾವ ಊರ್‍ರಿ?" ಎಂದ ಗಂಡ, ಕೋಣೆಯೊಳಗೆ ಕೂತೊಡನೆ.

"ಸಾಯಗಾಂವರಿ. ನಿಮ್ದು?"

"ನಮ್ಮದೂ ಅದೇ ಊರ್‍ರಿ!"

"ಹೌದಾ? ನೋಡಿದಂಗೇ ಇಲ್ಲಲ್ರಿ!"

ಪ್ರಶ್ನೆ ಕೇಳಲು ಬೆಂಗಳೂರಿನಿಂದ ಬಂದಿದ್ದ ಹುಡುಗಿಗೆ ಬಹಳ ಖುಷಿಯಾಯಿತು. "ಮನೆಯಲ್ಲಿ ಯಜಮಾನ್ರು ನಿಮಗೆ ಸಹಾಯ ಮಾಡ್ತಾರಾ?" ಎಂದು ಆ ಹೆಂಡತಿಯನ್ನು ಕೇಳಿದಳು.

"ಎಲ್ಲೀದು ತಗೀರಿ! ಎದ್ದು ನೀರು ಸೈತ ಕುಡಿಯಂಗಿಲ್ಲ."

ಎದುರು ಕೂತಿದ್ದ ಗಂಡನಿಗೆ ತಾಲೀಮು ಮರೆತೇಹೋಯಿತು. "ಮತ್ತ ಮುಂಜಾನಿ ನಿನಗ ಚಾ ಮಾಡಿ ಕೊಟ್ಟಾಂವ ಯಾರು?"

ಕಿಟಕಿಯಲ್ಲಿ ನಿಂತಿದ್ದ ಮೌಶಿ ಪರಿಸ್ಥಿತಿ ಸಂಭಾಳಿಸಲು ಕೂಗಿದಳು: "ಬಾಜೂ ಮನಿಯಾಂವ್ರಿ ಮೇಡಂ, ಭಾಳ ಒಳ್ಳೆ ಮನಷ್ಯಾ!"

ಅಷ್ಟೇ! ಹೆಂಡತಿಯೇ ಎದ್ದು ನಿಂತು, "ಇಂವ ನನ್ನ ಗಂಡರಿ!" ಎಂದು ಮಾನ ಉಳಿಸಿಕೊಂಡಳು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದು ಹುಡುಗಿ ಖಡಾಖಂಡಿತ ಹೇಳಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಮೌಶಿ ತನ್ನದೇ ನಾಡಿ ಹಿಡಿದು ನೋಡಿಕೊಂಡಳು. ಆಮೇಲೆ, "ಈ ಕೆಲಸನೂ ಹೋದ್ರ ಮುಂಜಾನಿ ಎದ್ದು ನಾ ಎಲ್ಲಿಗಿ ಹೋಗಲಿ?" ಎಂದಳು.

ಮುಂದಿನ ಕೂಟ ಔರಾದದಲ್ಲಿ, ಚಹಾಪುಡಿ ಕಂಪನಿಯದು. ಇನ್ನೇನು ಶುರುವಾಗಬೇಕು, ಬರಬೇಕಿದ್ದ ಡಾಬಕಾದ ಹೆಂಗಸಿನ ಫೋನು: "ಎಮ್ಮಿ ಈಯಲಕತ್ತದರಿ, ನಾ ಬರಂಗಿಲ್ಲ!"

"ಎಮ್ಮಿಗಿ ಸ್ವಲ್ಪ ತಡಿ ಅನ್ನು!" ಎಂದು ಬೈದ ಮೌಶಿ, ಮರುಗಳಿಗೆಯೇ ಬಾಣಂತನದ ಸಲಹೆಯನ್ನೂ ಕೊಟ್ಟಳು. ಎಮ್ಮೆ ಸುಖವಾಗಿ ಈದಿತು. ಆದರೆ ನಮಗೆ ಒಬ್ಬ ಹೆಂಗಸು ಕಡಿಮೆ!

ನನ್ನ ಅವ್ವ ಇರುವುದು ಔರಾದದಲ್ಲೇ. ಆದರೆ ಅಕ್ಕ ತಂಗಿಯರ ನಡುವೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಅಜ್ಜಿ ಕೊನೆಗಾಲದಲ್ಲಿ ಯಾರ ಮನೆಯಲ್ಲಿರಬೇಕೆಂದು ಹತ್ತಿದ ಜಗಳ, ಅಜ್ಜಿ ತೀರಿಕೊಂಡ ಮೇಲೂ ಮುಗಿದಿರಲಿಲ್ಲ.

"ನಿಮ್ಮವ್ವಗ ಕರಿ," ಎಂದಳು ಮೌಶಿ, ಗೋಡೆ ನೋಡುತ್ತ.

"ನೀನೇ ಕರಿ."

"ನಾ ಮಾತಾಡಂಗಿಲ್ಲ."

ನಾನೇ ಹೋಗಿ ಕರೆತಂದೆ. "ಯಾರ ಸಲುವಾಗೂ ಅಲ್ಲ, ನಿನ್ನ ಸಲುವಾಗಿ ಬರತೇನಿ," ಎಂದು ಅವ್ವ ಹೊಸ ಸೀರೆ ಉಟ್ಟು ಬಂದು ಕೂತಳು. ಮೌಶಿ ಎಲ್ಲರಿಗೂ ಕೈಗೆ ಕೈಗೆ ಚಹಾ ಕೊಟ್ಟಳು. ಅವ್ವನ ಕಪ್ಪನ್ನು ಮಾತ್ರ ಮೇಜಿನ ತುದಿಯಲ್ಲಿಟ್ಟು ಬಾಗಿಲಿಗೆ ಹೋಗಿ ನಿಂತಳು.

"ನೀವು ಇದುವರೆಗೆ ಕುಡಿದ ಚಹಾದಲ್ಲಿ ಯಾವುದು ಚೆನ್ನಾಗಿತ್ತು?" ಎಂದು ಚಹಾಪುಡಿ ಕಂಪನಿಯಿಂದ ಬಂದಿದ್ದ ಹುಡುಗಿ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು.

ಅವ್ವ ನನ್ನ ಕಡೆ ನೋಡಿ ಕಪ್ಪು ಕೆಳಗಿಟ್ಟಳು. "ನನ್ನ ಮಗಳು ಹುಟ್ಟಿದಾಗ ಜ್ವರ ಬಂದು ಸಾಯಲಕತ್ತಿದ್ದೆರಿ. ನನ್ನ ತಂಗಿ ಡ್ಯೂಟಿ ಮುಗಿಸಿ, ನಿದ್ದಿ ಇಲ್ಲದ ಹಂಗೇ ಬಂದು ಒಂದು ಚಾ ಮಾಡಿ ಕುಡಿಸಿದಳು. ಅಂಥಾದ್ದು ಮತ್ತ ಎಲ್ಲೂ ಕುಡಿದಿಲ್ರಿ."

"ಯಾವ ಪುಡಿ ಅದು?" ಹುಡುಗಿ ಉತ್ಸಾಹದಿಂದ ಮುಂದೆ ಬಾಗಿದಳು.

"ಪುಡಿ ಎಲ್ಲಿತ್ತು!" ಬಾಗಿಲಿಂದ ಮೌಶಿಯ ದನಿ ಬಂತು. "ಅವತ್ತು ಮನಿಯಾಗ ಚಾಪುಡಿನೇ ಇರಲಿಲ್ಲ. ಬರೀ ಶುಂಠಿ ಬೆಲ್ಲ ಕುದಿಸಿ ಕೊಟ್ಟಿದ್ದೆ."

ಚಹಾಪುಡಿ ಕಂಪನಿಯ ಹುಡುಗಿ ಪೆನ್ನು ಮುಚ್ಚಿಟ್ಟಳು. ಮೌಶಿಗೆ ಆ ಕಂಪನಿಯಿಂದ ಮತ್ತೆ ಕರೆ ಬರಲಿಲ್ಲ. ಆದರೆ ಆ ಹೊತ್ತಿಗೆ ಅದು ಯಾರ ಲಕ್ಷ್ಯದಲ್ಲಿತ್ತು?

ಅವ್ವ ತಿರುಗಿ ತಂಗಿಯನ್ನು ನೋಡಿದಳು. ಮುಖವನ್ನಲ್ಲ, ಕಾಲನ್ನು.

"ಪಾದ ಎಷ್ಟು ಬಾತಾವ, ನೋಡ್ಕೊಂಡೀಯೇನು?" ಎಂದು ಗದರಿ, ಬೆಂಚಿನ ಮೇಲೆ ಒಂದಿಷ್ಟು ಸರಿದು ಕೂತಳು. "ಬಾ, ಕೂಡು."