ಸೆರಗು ಹೊದ್ದು ಕೇಳುವ ಮಳೆಸುದ್ದಿ

ಮೊಬೈಲಿನ ಮುಂದೆ ತಲೆಯ ಮೇಲೆ ಸೆರಗು ಹೊದ್ದು ಕೂಡುವ ಹೆಂಗಸನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲವಾದರೆ ನಮ್ಮೂರು ತಾಂಬಾಕ್ಕೆ ಬನ್ನಿ, ನನ್ನ ಸೋದರತ್ತೆಯನ್ನು ತೋರಿಸುತ್ತೇನೆ!

ಗೊಬ್ಬರದ ಚೀಲದ ಮೇಲಿನ ಸಣ್ಣ ಅಕ್ಷರವನ್ನೂ ಕನ್ನಡಕವಿಲ್ಲದೆ ಓದುವ ಈಕೆಗೆ ಹವಾಮಾನದ ಸಂದೇಶ ಮಾತ್ರ ನಾನೇ ಓದಬೇಕು. "ಮ್ಯಾಲಿಂದ ಓದು. ನಡುವಿಂದ ಸುರು ಮಾಡಬ್ಯಾಡ!" ಓದಿದ್ದಾದ ಮೇಲೆ ಮೊಬೈಲಿನ ಜೊತೆ ಜಗಳ. ಅದೂ ಬಹುವಚನದಲ್ಲಿ! "ನೀವು ಮಳಿ ಬರ್ತೈತಿ ಅಂತೀರಿ, ಇರುವಿ ಬಿಲದಾಗ ಆರಾಮ ಕುಂತಾವು. ಯಾರ ಮಾತು ನಂಬ್ಲಿ ನಾ?" ಪಾಪ, ಮೊಬೈಲು ಏನೆಂದೀತು?

ಈಗೀಗ ಮಳೆಗೆ ಹೊತ್ತುಗೊತ್ತೇ ಇಲ್ಲವಲ್ಲ. ಅದಕ್ಕೇ ಅತ್ತೆಯದು ಒಂದೇ ಹಟ: ಮೊಬೈಲೂ ಇರುವೆಯೂ ಒಂದೇ ಮಾತು ಹೇಳುವವರೆಗೆ ಬಿತ್ತುವ ಕೂರಿಗೆ ಹೊರಬೀಳುವಂತಿಲ್ಲ.

ಹೋದ ಹಿಂಗಾರಿಯಲ್ಲಿ ಮಣ್ಣಿಗೆ ಸೊಗಸಾದ ಹದ ಬಂತು. ಊರೆಲ್ಲ ಬಿಳಿಜೋಳ ಬಿತ್ತಲು ಓಡಿತು. ಅತ್ತೆಯ ಬಳಿ ಇದ್ದದ್ದು, ತೀರಿಹೋದ ಮಾವ ತೆನೆ ಆರಿಸಿ ಆರಿಸಿ ಉಳಿಸಿದ್ದ ಬೀಜ. ಅದು ಕೆಟ್ಟರೆ ಆ ತಳಿಯೇ ಮುಗಿದಂತೆ. ಸಂದೇಶ ನೋಡಿದರೆ, ಭಾರಿ ಮಳೆ! ಮೇಲೆ ಒಂದು ತುಣುಕು ಮೋಡವಿಲ್ಲ. ಹೊಲಕ್ಕೆ ಹೋದ ಅತ್ತೆ ಹಿಗ್ಗುತ್ತ ಬಂದಳು.

"ಇರುವಿ ತತ್ತಿ ಹೊತ್ಗೊಂಡು ಬದು ಏರಾಕತ್ತಾವು. ಇಬ್ರದೂ ಒಂದ ಮಾತಾತು!"

ಭಾರಿ ಮಳೆ ಮುಗಿಯಲೆಂದು ಬಿತ್ತುವುದನ್ನು ಮುಂದೂಡಿ, ನೀರು ಹರಿದುಹೋಗದಂತೆ ಹೊಲದ ತುಂಬ ಮಣ್ಣಿನ ಚೌಕುಮಡಿ ಕಟ್ಟಿಸಿದಳು. "ಮುದುಕಿಗೆ ಅರಳು ಮರಳು" ಎಂದಿತು ಊರು. ಬಂತು ನೋಡಿ ಮಳೆ! ಬಿತ್ತಿದವರ ಬೀಜ ಎರೆಮಣ್ಣಿನಲ್ಲೇ ಕೊಳೆಯಿತು. ಅತ್ತೆಯ ಹೊಲ ಹೊಟ್ಟೆ ತುಂಬ ನೀರು ಕುಡಿಯಿತು. ಆಮೇಲೆ ಬಿತ್ತಿದ ಮಾವನ ಜೋಳ ಎದೆಯೆತ್ತರ ನಿಂತಾಗ ನಾನು ಬೆರಗಾಗಿ ಬದುವಿನ ಮೇಲೇ ಕೂತುಬಿಟ್ಟೆ. ಎಂಥ ಹೆಂಗಸಪ್ಪಾ ಇವಳು!

ಆ ಹೊತ್ತಿಗೇ ಮತ್ತೊಂದು ಸಂದೇಶ ಬಂತು.

"ಅತ್ತಿ, ಇದು ಇನ್ನಾ ಮಾವನ ಹೆಸರಿಗೇ ಬರಾಕತ್ತೈತಿ. ನಿನ್ನ ಹೆಸರಿಗೆ ಮಾಡಸ್ಲೇನು?"

"ಬ್ಯಾಡಪಾ." ಅತ್ತೆ ಸೆರಗು ಸರಿಮಾಡಿಕೊಂಡಳು. "ಅವ್ರು ರೇಡಿಯೋ ಕೇಳಿ ಹೇಳವ್ರು, ನಾ ಇರುವಿ ನೋಡಿ ಹೇಳಾಕಿ. ಜಗಳಾಡಿ, ಒಂದ ಮಾತಾದ ಮ್ಯಾಲೇ ಬಿತ್ತತಿದ್ವಿ."

ನಾನು ಸಂದೇಶ ತೆರೆದೆ.

"ಗಂಡನ ಹೆಸರು ನಾ ಬಾಯ್ಲೆ ತಗೊಳ್ಳಂಗಿಲ್ಲ. ಆದ್ರ ಕೇಳಬೇಕ ಅನಸ್ತೈತಿ. ನೀ ಓದು, ಮ್ಯಾಲಿಂದ."

ಮೊದಲ ಸಾಲಿನಲ್ಲಿ ಮಾವನ ಹೆಸರಿತ್ತು. ಅದನ್ನು ಎರಡು ಸಲ ಓದಿದೆ.