ಹಲ್ಲು ನನ್ನದು, ಕೇಸು ಸರ್ಕಾರದ್ದು

ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಕೊಂಡವರು ವಕೀಲರನ್ನು ಕೇಳುವ ಪ್ರಶ್ನೆಗಳು ಯಾವ ಊರಿನಲ್ಲೂ ಅವೇ. ಅವಕ್ಕೆಲ್ಲ ಕಾನೂನು ಪುಸ್ತಕದಲ್ಲಿ ಉತ್ತರವೂ ಇದೆ. ಆದರೆ ನಮ್ಮ ಕಡೆಯವರು ಉತ್ತರ ಕೇಳಿಸಿಕೊಂಡ ಮೇಲೆ ಇನ್ನೊಂದು ಮಾತಾಡುತ್ತಾರೆ, ಅದಕ್ಕೆ ಯಾವ ಪುಸ್ತಕದಲ್ಲೂ ಉತ್ತರ ಇರುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನು ಚಾಮರಾಜನಗರದಿಂದ ಗುಂಡ್ಲುಪೇಟೆ ಕೋರ್ಟಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಾಗ ಇಂಥವು ನಡೆಯುತ್ತಲೇ ಇದ್ದವು. ತೆರಕಣಾಂಬಿ ಕಡೆಯ ಒಂದು ಕೇಸಿನಲ್ಲಂತೂ ಎಲ್ಲವೂ ಒಟ್ಟಿಗೇ ನಡೆದವು.

ತಪ್ಪು ಮಾಡದವನಿಗೆ ಲಾಯರ್ ಯಾಕೆ?

ಆರೋಪಿ ಅರಣ್ಯ ಇಲಾಖೆಯ ಮದ್ದೂರು ರೇಂಜಿನಲ್ಲಿ ದಿನಗೂಲಿ ವಾಚರ್. ಹೊಲಕ್ಕೆ ಬರುವ ಆನೆಗಳನ್ನು ಕಾಡಿಗೆ ಓಡಿಸುವುದು ಕೆಲಸ. ವರ್ಷಗಟ್ಟಲೆ ದುಡಿದ ಮೇಲೆ, ಕೆಲಸ ಕಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರು ಬಂದಿತ್ತು. ಅದೇ ಹೊತ್ತಿಗೆ ರಜದಲ್ಲಿ ಊರಿಗೆ ಬಂದವನು, ಪಕ್ಕದ ಹೊಲದವನ ಎಮ್ಮೆ ತನ್ನ ಹುರುಳಿ ಮೇಯುವುದನ್ನು ಕಂಡು ಗುದ್ದಲಿ ಕಾವಿನಿಂದ ಒಂದು ಬಿಟ್ಟ. ಎಮ್ಮೆಗಲ್ಲ, ಎಮ್ಮೆಯ ಯಜಮಾನನಿಗೆ. ಮುಂದಿನ ಹಲ್ಲೊಂದು ಹೋಯಿತು. ಶಿಕ್ಷೆಯಾದರೆ ಕಾಯಂ ಆಗುವ ಮಾತು ಹಾಗಿರಲಿ, ಇದ್ದ ಕೂಲಿಯೂ ಹೋಗುತ್ತಿತ್ತು.

ಲಾಕಪ್ಪಿನ ಕಂಬಿ ಹಿಡಿದುಕೊಂಡು ವಾಚರ್ ಕೇಳಿದ, "ನಾನೇನೂ ತಪ್ಪು ಮಾಡಿಲ್ಲ ಸಾ. ಲಾಯರ್ ಯಾಕೆ?"

"ಹಾಗಾದರೆ ಹೊಡೆದಿಲ್ಲವೇನಪ್ಪ?"

"ವಡ್ದೆ. ತಪ್ಪು ಮಾಡ್ಲಿಲ್ಲ."

ಪೊಲೀಸರ ಮುಂದೆ ಬಾಯಿ ಬಿಡಬೇಡ, ಸುಮ್ಮನಿರುವುದು ನಿನ್ನ ಹಕ್ಕು ಎಂದು ತಿಳಿಸಿ ಹೇಳಿದೆ. ಅವನು ಶ್ರದ್ಧೆಯಿಂದ ತಲೆಯಾಡಿಸಿದ.

"ಆಯ್ತು ಸಾ, ಇನ್ಮೇಲೆ ಬುಡಾಕಿಲ್ಲ. ಎಂಗೆ ವಡ್ದೆ ಅಂತ ಬೆಳಿಗ್ಗೆ ತೋರಿಸ್ಬುಟ್ಟೆ. ಸರಿಯಾಗಿ ಕಾಣ್ಲಿಲ್ಲ ಅಂದ್ರು, ಇನ್ನೊಂದ್ಸಲಿ ತೋರಿಸ್ದೆ."

ಜಾಮೀನಿಗೆ ಯಾರಾದರೂ ಆಯ್ತಾ?

ಜಾಮೀನು ಕೊಡುವುದಾಗಿ ಕೋರ್ಟು ಹೇಳಿತು. ಸ್ವಂತ ಹೆಸರಿನಲ್ಲಿ ಪಹಣಿ ಇರುವ ಒಬ್ಬರು ಬಂದು ಹೊಣೆ ನಿಲ್ಲಬೇಕಿತ್ತು. "ಅವನು ಓಡಿಹೋಗದಂತೆ ಕಣ್ಣಿಟ್ಟಿರುವವರು ಬೇಕಮ್ಮಾ," ಎಂದು ವಾಚರನ ಹೆಂಡತಿಗೆ ಹೇಳಿ ಕಳಿಸಿದೆ. ಆಕೆ ಅಂಥವನೊಬ್ಬನನ್ನು ಕರೆತಂದಳು. ಕೆನ್ನೆ ಊದಿಕೊಂಡಿತ್ತು, ಗದ್ದಕ್ಕೆ ಟವೆಲ್ಲು ಸುತ್ತಿದ್ದ.

ಮ್ಯಾಜಿಸ್ಟ್ರೇಟರು ಕಾಗದ ನೋಡಿದರು, ಮುಖ ನೋಡಿದರು. "ಏನಯ್ಯಾ, ಫಿರ್ಯಾದು ಕೊಟ್ಟವನು ನೀನೇ ಅಲ್ಲವೇ?"

"ಊ ಸ್ವಾಮಿ."

"ಬಿಡಿಸೋಕೆ ಬಂದವನೂ ನೀನೇನಾ?"

"ಪಾಣಿ ನಂದೈತೆ ಸ್ವಾಮಿ. ಇವ್ನು ಓಡೋಗಾಕಿಲ್ಲ."

"ಅದು ಹೇಗೆ ಹೇಳ್ತೀಯ?"

"ಹುರುಳಿ ಇನ್ನೂ ಕಿತ್ತಿಲ್ಲ ಸ್ವಾಮಿ."

ಫಿರ್ಯಾದುದಾರನೇ ಜಾಮೀನು ನಿಲ್ಲಬಾರದೆಂದು ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಅವನೇ ಬೇಡ ಅಂದರೆ ಕೇಸು ಹೋಗಲ್ವಾ?

ಆಮೇಲೆ ಒಂದು ದಿನ ಇಬ್ಬರೂ ಹಣೆಗೆ ನಾಮ ಇಟ್ಟುಕೊಂಡು ನನ್ನ ಆಫೀಸಿಗೆ ಬಂದರು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ, ದೇವರ ಮುಂದೆ ಕೈ ಹಿಡಿದು ರಾಜಿಯಾಗಿ ಬಂದಿದ್ದರು. "ಕೇಸು ಕಿತ್ತಾಕ್ಬುಡಿ ಸ್ವಾಮಿ," ಎಂದ ಎಮ್ಮೆಯ ಯಜಮಾನ.

ಹಲ್ಲು ಮುರಿದರೆ ಕಾನೂನಿನಲ್ಲಿ ಅದು ಭಾರೀ ಗಾಯ, ಗುದ್ದಲಿ ಕಾವು ಆಯುಧ, ಈ ಸೆಕ್ಷನ್ನಿನಲ್ಲಿ ರಾಜಿ ಇಲ್ಲ, ಕೇಸು ಈಗ ಸರ್ಕಾರಕ್ಕೂ ವಾಚರನಿಗೂ ನಡುವೆ ಎಂದು ವಿವರಿಸಿದೆ.

"ಹಲ್ಲು ನಂದು."

"ಹೌದು."

"ಸರ್ಕಾರಕ್ಕೇನಾಯ್ತು?"

"ನಿನಗೆ ಹೊಡೆದರೆ ಸರ್ಕಾರಕ್ಕೆ ಹೊಡೆದ ಹಾಗೆ ಕಣಪ್ಪ."

ಅವನು ಯೋಚಿಸಿದ. "ಅಂಗಾರೆ ಹುರುಳಿ ಮೇದದ್ದೂ ಸರ್ಕಾರಾನೇ?"

"ಅದ್ಮಾತ್ರ ಇವ್ನ ಎಮ್ಮೆ ಸಾ," ಎಂದ ವಾಚರ್.

ಹಲ್ಲು ಕಳೆದುಕೊಂಡವನಿಗೆ ಇಷ್ಟು ಬೇಗ ಮನಸ್ಸು ಕರಗಿತೇ ಎಂದು ನನಗೆ ಆಶ್ಚರ್ಯ. ಕೇಳಿಯೇಬಿಟ್ಟೆ.

"ಕೆಲ್ಸ ಹೋದ್ರೆ ಇವ್ನು ದಿನಾ ಹೊಲದಲ್ಲೇ ಇರ್ತಾನೆ ಸ್ವಾಮಿ. ನನ್ನೆಮ್ಮೆ ಗತಿಯೇನು?"

ಕೋರ್ಟಲ್ಲಿ ಏನಂತ ಹೇಳಬೇಕು?

ವಿಚಾರಣೆಯ ದಿನ ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಆರೋಪಿ, ಫಿರ್ಯಾದಿ ಇಬ್ಬರೂ ಒಂದೇ ಬಾಗಿಲಲ್ಲಿ ಹತ್ತಿದರು. ಆ ಹೊತ್ತಿಗೆ ಬೇರೆ ಬಸ್ಸಿರಲಿಲ್ಲ. ನನ್ನ ಗುಟ್ಟಿನ ಸಲಹೆಗಳನ್ನೆಲ್ಲ ನಾನು ಇಂಜಿನ್ನಿನ ಸದ್ದಿಗಿಂತ ಜೋರಾಗಿ ಕೂಗಿ ಹೇಳಬೇಕಿತ್ತು.

"ಯಾರು ಏನೇ ಅಂದರೂ ಸುಮ್ಮನಿರು," ಎಂದು ವಾಚರನ ಕಿವಿಯಲ್ಲಿ ಕೂಗಿದೆ.

"ನಾನೇನ್ಹೇಳ್ಲಿ ಸ್ವಾಮಿ?" ಎಂದ, ಹಿಂದಿನ ಸೀಟಿನಿಂದ ಎಮ್ಮೆಯ ಯಜಮಾನ.

"ನಿನ್ನ ಕಡೆ ಸರ್ಕಾರಿ ವಕೀಲರಿದ್ದಾರೆ, ಅವರನ್ನು ಕೇಳು."

"ಅವ್ರು ಬಸ್ಸಲ್ಲಿ ಬರಾಕಿಲ್ವಲ್ಲ."

"ನಿಜ ಹೇಳು," ಎಂದೆ. ವಕೀಲನಾದವನು ಇನ್ನೇನು ಹೇಳಲಾದೀತು?

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ನಿಂತುಬಿಟ್ಟ. "ಸಾರ್, ನಿಜ ಹೇಳಿದ್ರೆ ಈವಯ್ಯ ಒಳಕ್ಕೋಯ್ತಾನಲ್ಲ. ನೀವು ಯಾರ ಕಡೆ ಲಾಯರು?"

ಬಿಡುಗಡೆ ಆದ ಮೇಲೆ ತೊಂದರೆ ಇಲ್ವಲ್ಲ?

"ನಿನಗೆ ಹೊಡೆದವರು ಯಾರು?" ಎಂದು ಎಮ್ಮೆಯ ಯಜಮಾನನನ್ನು ಕೇಳಿದರು ಸರ್ಕಾರಿ ವಕೀಲರು.

"ಯಾರೂ ಇಲ್ಲ ಸ್ವಾಮಿ. ಎಮ್ಮೆ ಹಿಂದೆ ಓಡ್ತಾ ಬದುವಿನ ಮೇಲೆ ಎಡವಿ ಬಿದ್ದೆ."

"ಇಗೋ, ಈ ಮನುಷ್ಯ ಗುದ್ದಲಿ ಕಾವಿನಲ್ಲಿ ಹೊಡೆಯಲಿಲ್ಲವೇ?"

ಇಲ್ಲ ಎಂದು ನಿಲ್ಲಿಸಬಹುದಿತ್ತು. ಸಹಾಯ ಮಾಡಲು ಹೊರಟವನಿಗೆ ನಿಲ್ಲಿಸಲು ಬರುವುದಿಲ್ಲ.

"ಇವ್ನಾ? ಗುದ್ದಲಿ ಎತ್ತಾಕೂ ತ್ರಾಣ ಇಲ್ಲ ಸ್ವಾಮಿ. ಕೋಳಿ ಓಡ್ಸಾಕೆ ಹೆಂಡ್ರ ಕರೀತಾನೆ."

ಆರೋಪಿಯ ಕಟಕಟೆ ಕಿರುಗುಟ್ಟಿತು. "ಯಾವನ್ಲಾ ತ್ರಾಣ ಇಲ್ದೋನು?"

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. "ಏನಯ್ಯಾ, ತ್ರಾಣ ಇದೆಯಾ?"

ಇಷ್ಟು ವರ್ಷದ ಕೂಲಿ, ಬರಲಿರುವ ಕಾಯಂ ಕೆಲಸ, ಎಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ವಾಚರ್ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

"ಇಲ್ಲ ಸ್ವಾಮಿ," ಎಂದ, ಹಲ್ಲು ಕಚ್ಚಿಕೊಂಡು.

ಬೇರೆ ಸಾಕ್ಷಿ ಇರಲಿಲ್ಲ; ಪೊಲೀಸರ ಮುಂದೆ ಮಾಡಿ ತೋರಿಸಿದ್ದು ಕೋರ್ಟಿನಲ್ಲಿ ಲೆಕ್ಕಕ್ಕಿಲ್ಲ. ಬಿಡುಗಡೆಯಾಯಿತು. ಹಿಂದಿರುಗುವಾಗ ತನ್ನನ್ನು ಉಳಿಸಿದವನು ಹತ್ತಿದ ಬಾಗಿಲು ಬಿಟ್ಟು ಅವನು ಬಸ್ಸಿನ ಇನ್ನೊಂದು ಬಾಗಿಲಲ್ಲಿ ಹತ್ತಿದ.

ಪುಣ್ಯಕ್ಕೆ ಕಾಯಂ ಪಟ್ಟಿ ಕೋರ್ಟಿಗಿಂತಲೂ ನಿಧಾನವಾಗಿತ್ತು. ತೀರ್ಪಿನ ನಕಲು ಹಿಡಿದು ರೇಂಜ್ ಆಫೀಸಿಗೆ ಹೋಗುವಾಗ ವಾಚರ್ ನನ್ನನ್ನೂ ಎಳೆದುಕೊಂಡು ಹೋದ. ಎಮ್ಮೆಯ ಯಜಮಾನ ಕರೆಯದಿದ್ದರೂ ಬಂದು ಜಗುಲಿಯಲ್ಲಿ ಕೂತ. ಹೊಸದಾಗಿ ಬಂದಿದ್ದ ರೇಂಜರ್ ಸಾಹೇಬರು ತೀರ್ಪನ್ನು ಪೂರ್ತಿ ಓದಿದರು. ಯಾರೂ ಹಾಗೆ ಓದುವುದಿಲ್ಲ.

"ವಕೀಲರೇ, ಇವನಿಗೆ ಗುದ್ದಲಿ ಎತ್ತೋಕೂ ತ್ರಾಣ ಇಲ್ಲ ಅಂತ ಇದೆಯಲ್ಲ. ಇವನೂ ಕೋರ್ಟಲ್ಲಿ ಒಪ್ಪಿದ್ದಾನೆ. ಕೋಳಿ ಓಡಿಸಲಾರದವನು ಆನೆ ಹೇಗೆ ಓಡಿಸ್ತಾನೆ?"

"ಅದು ಸಾಕ್ಷಿ ಹೇಳಿದ್ದು ಸಾರ್."

"ಸಾಕ್ಷಿ ಸುಳ್ಳು ಹೇಳಿದ ಅಂತೀರಾ?"

ಹೌದೆಂದರೆ ಬಿಡುಗಡೆಗೆ ಮಸಿ, ಇಲ್ಲವೆಂದರೆ ಕೆಲಸಕ್ಕೆ ಕುತ್ತು. ಅತ್ತ ದರಿ, ಇತ್ತ ಪುಲಿ. ನಾನು ಅಲ್ಲಿನ ಫ್ಯಾನನ್ನೂ ನೋಡಿದೆ.

ಅಷ್ಟರಲ್ಲಿ ಎಮ್ಮೆಯ ಯಜಮಾನ ಒಳಗೆ ಬಂದ. ಸಾಹೇಬರ ಮೇಜಿನ ಮೇಲೆ ಬಗ್ಗಿ ಬಾಯಿ ಅಗಲಿಸಿದ. ಮುಂದಿನ ಸಾಲಿನಲ್ಲಿ ಒಳ್ಳೆಯ ಕಿಂಡಿ.

"ನೋಡಿ ಸ್ವಾಮಿ," ಎಂದ. "ಒಂದೇ ಏಟು."

ಸಾಹೇಬರು ಬಾಯೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಕಾಯಂ ಕಾಗದಕ್ಕೆ ಸಹಿ ಹಾಕಿದರು.

ಇನ್ನು ಹೊರಡೋಣ ಎಂದು ನಾನು ವಾಚರನ ತೋಳು ಹಿಡಿದೆ. ಕೋರ್ಟಿನ ದಿನದಿಂದ ನುಂಗಿಕೊಂಡಿದ್ದವನಿಗೆ ತಡೆಯಲಾಗಲಿಲ್ಲ.

"ಅದೂ ಎಡಗೈಲಿ ಸಾ," ಎಂದ.